'ಉಂಡದ್ದು ಇಳಿಯುವುದಿಲ್ಲ'

1967ರ ಮಹಾಜನ ವರದಿಯಲ್ಲಿ ಚಂದ್ರಗಿರಿಯ ಉತ್ತರಕ್ಕಿರುವ ನಮ್ಮ ಕಾಸರಗೋಡಿನೊಂದಿಗೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರೂ ಇತ್ತೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ವರದಿ ಜಾರಿಗೆ ಬರಲಿಲ್ಲ. ಅವರು ಮಹಾರಾಷ್ಟ್ರದಲ್ಲಿ ಉಳಿದರು, ನಾವು ಕೇರಳದಲ್ಲಿ. ಇಂದು ನಾವು ಹೇಳಹೊರಟಿರುವುದು ಗಡಿಯ ಮಾತಲ್ಲ, ಹೊಟ್ಟೆಯ ಮಾತು. ಆದರೆ ಗಡಿ ಇದರೊಳಗೂ ನುಸುಳಿದೆ.

ಅಕ್ಕಲಕೋಟೆಯ ಕಡೆಯ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಹತ್ತು ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿಬಿಡುತ್ತದೆ, ಓಕರಿಕೆ ಬರುತ್ತದೆ, ಬೆಳಗ್ಗೆ ಉಂಡದ್ದು ಸಂಜೆ ವಾಂತಿಯಲ್ಲಿ ಕಾಣುತ್ತದೆ. ಮನೆಯಲ್ಲಿ ಆಕೆ 'ಉಂಡದ್ದು ಕೆಳಗ ಇಳೀವಲ್ದು' ಎನ್ನುತ್ತಾಳೆ. ಈ ರೋಗವನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲು ವೈದ್ಯಗ್ರಂಥಕ್ಕೂ ಸಾಧ್ಯವಿಲ್ಲ. ಆದರೆ ಸೊಲ್ಲಾಪುರಕ್ಕೆ ಹೋಗಿ, ಜೊತೆಗೆ ಬಂದ ಹುಡುಗನ ಬಾಯಿಂದ ಮರಾಠಿಗೆ ಇಳಿದಾಗ ಅದು ಬರಿಯ 'ಪಿತ್ತ'ವಾಗುತ್ತದೆ. ನಮ್ಮಲ್ಲಿ ಅದೇ ಮಾತು ಮಲೆಯಾಳಕ್ಕೆ ದಾಟಿದಾಗ 'ದಹನಕ್ಕೇಡ್' ಆಗುತ್ತದೆ, ಇಲ್ಲವೇ ಎಲ್ಲ ಭಾಷೆಗಳಿಗೂ ಸಮಾನವಾಗಿರುವ 'ಗ್ಯಾಸ್' ಆಗುತ್ತದೆ. ಗ್ಯಾಸಿಗೆ ಗುಳಿಗೆ ಸಿದ್ಧವಾಗಿಯೇ ಇರುತ್ತದೆ.

ಉಂಡ ಆಹಾರವನ್ನು ಜಠರವು ಅರೆದು, ಒಂದೆರಡು ಮಿಲಿಮೀಟರಿನಷ್ಟು ಸಣ್ಣದಾಗಿ ಮಾಡಿ, ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಈ ಕೆಲಸವನ್ನು ನಡೆಸುವುದು ವೇಗಸ್ ಎಂಬ ನರ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಈ ನರ ಬಳಲುತ್ತದೆ. ಆರೋಗ್ಯವಂತರಲ್ಲಿ ಪರೀಕ್ಷೆಯ ಊಟದ ನೂರರಲ್ಲಿ ತೊಂಬತ್ತು ಪಾಲು ನಾಲ್ಕು ಗಂಟೆಯೊಳಗೆ ಜಠರವನ್ನು ಬಿಟ್ಟಿರುತ್ತದೆ. ಹತ್ತಕ್ಕಿಂತ ಹೆಚ್ಚು ಪಾಲು ಉಳಿದಿದ್ದು, ದಾರಿಯಲ್ಲಿ ಬೇರೆ ಅಡ್ಡಿಯೂ ಇಲ್ಲವೆಂದಾದರೆ ವೈದ್ಯರು ಅದನ್ನು ಗ್ಯಾಸ್ಟ್ರೋಪರೇಸಿಸ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಯಲ್ಲದೆ ಶಸ್ತ್ರಚಿಕಿತ್ಸೆಯಿಂದಲೂ ಕೆಲವು ಔಷಧಗಳಿಂದಲೂ ಇದು ಬರುವುದುಂಟು. ಈಗ ತೂಕ ಇಳಿಸಲು ಬಳಕೆಯಾಗುತ್ತಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಕೂಡ ಜಠರವನ್ನು ನಿಧಾನಗೊಳಿಸುತ್ತದೆ. ಎಷ್ಟೋ ಮಂದಿಯಲ್ಲಿ ಕಾರಣವೇ ತಿಳಿಯುವುದಿಲ್ಲ.

ಇದು ಎಷ್ಟು ಜನರಿಗಿದೆ? ಅಮೇರಿಕದ ಮಿನ್ನೆಸೋಟಾ ರಾಜ್ಯದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ 1996ರಿಂದ 2006ರ ವರೆಗಿನ ಆಸ್ಪತ್ರೆ ದಾಖಲೆಗಳನ್ನು ಶೋಧಿಸಿದಾಗ, ಪರೀಕ್ಷೆಯಿಂದ ಖಚಿತವಾದವರು ಲಕ್ಷಕ್ಕೆ ಸುಮಾರು 24 ಮಂದಿ. ಹೆಂಗಸರಲ್ಲಿ ಲಕ್ಷಕ್ಕೆ 38, ಗಂಡಸರಲ್ಲಿ 10. ಇಷ್ಟೇ ಆಗಿದ್ದರೆ ಅಪರೂಪದ ರೋಗವೆಂದು ಸುಮ್ಮನಿರಬಹುದಿತ್ತು. ಆದರೆ ಅದೇ ಕೌಂಟಿಯ ಜನರ ಲಕ್ಷಣಗಳನ್ನು ವಿಚಾರಿಸಿ ಅಂದಾಜು ಮಾಡಿದಾಗ ನೂರಕ್ಕೆ 1.8, ಅಂದರೆ ಲಕ್ಷಕ್ಕೆ 1,800 ಮಂದಿಯ ಜಠರ ನಿಧಾನವಾಗಿರಬಹುದೆಂದು ಕಂಡುಬಂತು. 24 ಎಲ್ಲಿ, 1,800 ಎಲ್ಲಿ! ನಡುವಿನವರೆಲ್ಲ ಗ್ಯಾಸಿನ ಗುಳಿಗೆ ನುಂಗುತ್ತಿರುವವರು. ಎಲ್ಲ ಸೌಕರ್ಯಗಳಿರುವ ಆ ದೇಶದಲ್ಲೇ ಹೀಗಾದರೆ ನಮ್ಮ ಪಾಡೇನು?

ಅಲ್ಲಿಯ ಲೆಕ್ಕದಂತೆ ಎರಡನೆಯ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ ಹತ್ತು ವರ್ಷದೊಳಗೆ ನೂರಕ್ಕೆ ಒಬ್ಬರಿಗೆ, ಮೊದಲ ಬಗೆಯವರಲ್ಲಿ ಐವರಿಗೆ ಇದು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆನ್ನುತ್ತದೆ. ಕೇರಳದ ವಯಸ್ಕರಲ್ಲಂತೂ ನೂರಕ್ಕೆ 25.5. ನೂರಕ್ಕೆ ಒಂದೆಂದು ಹಿಡಿದರೂ ದೇಶದಲ್ಲಿ ಹತ್ತು ಲಕ್ಷ ಮಂದಿಯಾಗುತ್ತಾರೆ.

ಹೊಟ್ಟೆ ಉಬ್ಬರವೆಲ್ಲ ಇದೇ ರೋಗವೆಂದು ಯಾರೂ ಗಾಬರಿಯಾಗಬಾರದು. ಇದೇ ಲಕ್ಷಣಗಳಿದ್ದು ಜಠರ ಸರಿಯಾಗಿಯೇ ಖಾಲಿಯಾಗುವವರು ಬಹಳ. ಆದರೂ ತಿಳಿಯದೆ ಉಳಿದರೆ ಆಗುವ ನಷ್ಟ ಸಣ್ಣದಲ್ಲ. ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಕೆಲಸ ಮಾಡುತ್ತದೆ, ಊಟ ಮಾತ್ರ ಜಠರದಲ್ಲೇ ಕುಳಿತಿರುತ್ತದೆ. ಉಂಡ ಮೇಲೂ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವುದು, ತಾಸುಗಳ ಮೇಲೆ ಅದು ಮಿತಿಮೀರಿ ಏರುವುದು ಹೀಗೆಯೇ. ವೈದ್ಯರು 'ಪಥ್ಯ ಮಾಡುತ್ತಿಲ್ಲ' ಎಂದು ಗದರುತ್ತಾರೆ. ಮದುವೆ ಮನೆಯಲ್ಲಿ ಊಟ ಬಿಟ್ಟರೆ ನೆಂಟರ ಆಕ್ಷೇಪ. ಹೆಂಗಸಾದರೆ, ಎಲ್ಲರಿಗೂ ಬಡಿಸಿ ತಾನು ಅರ್ಧಕ್ಕೆ ಏಳುವುದನ್ನು ಗಮನಿಸುವವರೇ ಇಲ್ಲ!

ಪಥ್ಯದ್ದೂ ಒಂದು ಪೇಚು. ಸೊಲ್ಲಾಪುರದ ಕಡೆಯ ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ತರಕಾರಿ, ಇವೆಲ್ಲ ಸಾಮಾನ್ಯ ಮಧುಮೇಹಿಗೆ ಒಳ್ಳೆಯವೇ. ಜಠರ ಸೋತವರಿಗೆ ನಾರು, ಜಿಡ್ಡು ಎರಡೂ ಭಾರ. ನುಣ್ಣಗೆ ಮಾಡಿದ ಆಹಾರದಿಂದ ಇಂಥ ಮಧುಮೇಹಿಗಳ ಓಕರಿಕೆ, ವಾಂತಿ, ಉಬ್ಬರ ತಗ್ಗಿದುದನ್ನು ಸ್ವೀಡನ್ನಿನ 2014ರ ಒಂದು ಅಧ್ಯಯನ ತೋರಿಸಿತು. ಅಲ್ಲಿಯವರು ರೊಟ್ಟಿಗೆ ಬದಲು ಚೆನ್ನಾಗಿ ಬೆಂದ ನುಚ್ಚು, ಅಂಬಲಿಗಳನ್ನು, ನಮ್ಮವರು ತೆಳು ಗಂಜಿಯನ್ನು, ಸಕ್ಕರೆಯ ಮೇಲೆ ಕಣ್ಣಿಟ್ಟು ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ತೆಗೆದುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬಹುದು. ಅಂಗಡಿಯಿಂದ ತಾವಾಗಿಯೇ ಮೆಟೊಕ್ಲೋಪ್ರಮೈಡ್ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ. ಅದರಿಂದ ಮುಖ, ನಾಲಿಗೆಗಳು ಹಿಡಿತವಿಲ್ಲದೆ ಅಲುಗಾಡುವ ರೋಗ ಬರಬಹುದೆಂದು ಅಮೇರಿಕದ ಔಷಧ ನಿಯಂತ್ರಕರು 2009ರಲ್ಲೇ ಕಠಿಣ ಎಚ್ಚರಿಕೆ ಕೊಟ್ಟಿದ್ದಾರೆ.

ನಾಲ್ಕು ಗಂಟೆಯ ಆ ಪರೀಕ್ಷೆಗೆ ವಿಕಿರಣದ ಯಂತ್ರ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಮೊದಲ ಸುಳಿವು ಸಿಗಬೇಕಾದುದು ರೋಗಿಯ ಮಾತಿನಿಂದಲೇ. ವೈದ್ಯರಿಗೆ ಕನ್ನಡ ಬಾರದಿರುವುದನ್ನು ನಾವು ಅಪರಾಧವೆನ್ನುವುದಿಲ್ಲ. ರೋಗಿಯ ಮಾತು ದಾರಿಯಲ್ಲಿ ಕಳೆದುಹೋಗುತ್ತಿದ್ದರೂ ಸರಕಾರಗಳು ನೋಡುತ್ತ ಕೂತಿರುವುದನ್ನು ಮಾತ್ರ ಒಪ್ಪಲಾಗದು. ಈ ಲಕ್ಷಣಗಳನ್ನು ಅಳೆಯಲು ವೈದ್ಯಲೋಕ ಒಪ್ಪಿದ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಹಿಂದಿನ ಎರಡು ವಾರಗಳ ಓಕರಿಕೆ, ವಾಂತಿ, ಬೇಗ ಹೊಟ್ಟೆ ತುಂಬುವುದು, ಉಬ್ಬರ ಮೊದಲಾದವುಗಳಿಗೆ ರೋಗಿಯೇ ಸೊನ್ನೆಯಿಂದ ಐದರ ವರೆಗೆ ಅಂಕ ಕೊಡುವುದು. ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ಅದೇ ಕ್ರಮಸಂಖ್ಯೆಯಲ್ಲಿ ಅಲ್ಲಿ ಮರಾಠಿ, ಇಲ್ಲಿ ಮಲೆಯಾಳ ಇರುವಂತೆ ಇದನ್ನು ಅಚ್ಚುಹಾಕಿಸಿ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಆರೋಗ್ಯ ಕೇಂದ್ರಗಳಲ್ಲೂ ಮಂಜೇಶ್ವರ, ಕುಂಬಳೆಗಳಲ್ಲೂ ಸಕ್ಕರೆ ಕಾಯಿಲೆಯವರು ಬರುವ ದಿನ ಅವರ ಕೈಗೆ ಕೊಡಬೇಕು. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆ ಓದಿ ಹೇಳಿಯಾಳು. ಇದಕ್ಕೆ ಬೇಕಾದುದು ತಲೆಗೊಂದು ಹಾಳೆ ಕಾಗದ.