ಮಂತ್ರಾಲಯದ ಯಾತ್ರಿಕರು ಆದವಾನಿಯಲ್ಲೂ ಇಳಿಯಲಿ

ಮೊರಾಕೋ ದೇಶದ ಫೆಜ್, ಮರಾಕೇಶ್ ನಗರಗಳನ್ನೂ ವೊಲುಬಿಲಿಸಿನ ರೋಮನ್ ಹಾಳುಗಳನ್ನೂ ಸಹಾರಾದ ಮರಳನ್ನೂ ನೋಡಿ ಬಂದವರ ವರ್ಣನೆ ಓದುವಾಗ ನಮಗೂ ಆಸೆಯಾಗುತ್ತದೆ. ಆಸೆ ತಪ್ಪಲ್ಲ, ಸಂಬಳ ಸಾಲದು. ಆದರೆ ಮಂತ್ರಾಲಯಕ್ಕೆ ಹೋಗಿ ಬರುವ ಕುಟುಂಬಗಳು ನಮ್ಮ ಗಡಿನಾಡಿನಲ್ಲಿ ಎಷ್ಟಿಲ್ಲ! ರಾಯರ ದರ್ಶನ, ತುಂಗಭದ್ರೆಯ ಸ್ನಾನ, ಪರಿಮಳ ಪ್ರಸಾದ. ಅಲ್ಲಿಗೆ ಯಾತ್ರೆ ಮುಗಿಯಿತು. ಅದೇ ರೈಲು ದಾರಿಯಲ್ಲಿ, ಕೋಸಿಗಿಯಿಂದಾಚೆಗಿರುವ ಆದವಾನಿಯಲ್ಲಿ ಇಳಿದವರು ವಿರಳ. ಕಳೆದ ಕ್ರಿಸ್ಮಸ್ ರಜೆಯವರೆಗೆ ನಾವೂ ಇಳಿದಿರಲಿಲ್ಲ.

ಊರ ಬೆನ್ನಿಗೇ ಹೆಬ್ಬಂಡೆಗಳ ಬೆಟ್ಟಗಳು, ಅವುಗಳ ಮೇಲೆ ಮುರುಕು ಕೋಟೆ. ವಿಜಯನಗರದ ಅರಸರಿಗೆ ಭದ್ರ ನೆಲೆಯಾಗಿದ್ದ ಇದು ಅವರ ಪತನಾನಂತರ ಬಿಜಾಪುರದ ಆದಿಲ್‌ಶಾಹಿಗಳ ಪಾಲಾಯಿತು. ಅವರ ಅಧಿಕಾರಿ ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿ ಇಂದಿಗೂ ಊರಿನ ಶೋಭೆ. 1688ರಲ್ಲಿ ಔರಂಗಜೇಬನ ಸೈನ್ಯ ಮುತ್ತಿದಾಗ ಕೋಟೆ ಬಗ್ಗಲಿಲ್ಲವಂತೆ. ಮೊಗಲ ಸೇನಾನಿ ಫಿರಂಗಿಯ ಬಾಯನ್ನು ಮಸೀದಿಯತ್ತ ತಿರುಗಿಸಿದೊಡನೆ ಖಾನನು ಶರಣಾದನೆಂದು ಕಥೆ. ರಾಯರು 1671ರಲ್ಲಿ ವೃಂದಾವನಸ್ಥರಾದ ಮಂಚಾಲೆ ಗ್ರಾಮವನ್ನು ಉಂಬಳಿ ಕೊಟ್ಟವನೂ ಈ ಆದವಾನಿಯ ನವಾಬನೇ ಎಂಬುದು ಮಠದ ಪರಂಪರೆಯ ಮಾತು. ಹಾಗಿರುವಾಗ ಕೊಟ್ಟವನ ಊರಿನ ಕಡೆ ಕಣ್ಣೆತ್ತಿಯೂ ನೋಡದೆ ಬರುವುದು ಯಾವ ನ್ಯಾಯ?

ಇನ್ನೊಂದು ಕಾರಣವೂ ಇದೆ. ಹಳೆಯ ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು 1953ರ ಅಕ್ಟೋಬರ್ 1ರಂದು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಉಳಿದ ಏಳು ಮೈಸೂರಿಗೆ ಬಂದವು. ನಾವು ಕೇರಳದ ಪಾಲಾದದ್ದು 1956ರ ನವೆಂಬರ್ 1ರಂದು. ಅಂದರೆ ಈ ದುಃಖದಲ್ಲಿ ಅವರು ನಮಗೆ ಮೂರು ವರ್ಷ ಹಿರಿಯರು.

ಕೋಟೆಯ ದಾರಿಯಲ್ಲಿ ಕುರಿ ಕಾಯುತ್ತಿದ್ದ ಮುದುಕನೊಬ್ಬನು ನಮ್ಮ ಮಾತು ಕೇಳಿ, "ಯಾವೂರ್ರೀ ನಿಮ್ದು?" ಎಂದನು. ಕಾಸರಗೋಡು ಎಂದೆವು. "ಅದು ಕೇರಳ ಅಲ್ಲೇನ್ರೀ? ಅಲ್ಲೂ ಕನ್ನಡ ಐತಾ?" ಎಂದು ಅಚ್ಚರಿಪಟ್ಟನು. ನಗು ಬಂತು, ಮರುಕ್ಷಣ ನಾಚಿಕೆಯೂ ಆಯಿತು. ಆದವಾನಿಯೆಂದರೆ ತೆಲುಗು ಎಂದು ನಾವೂ ತಿಳಿದಿದ್ದವರೇ. ನಮ್ಮನ್ನು ಬೆಂಗಳೂರು ಮರೆತಿದೆಯೆಂದು ವರ್ಷಂಪ್ರತಿ ಸಭೆ ಸೇರಿ ದೂರುವ ನಾವು, ನಮ್ಮಂತೆಯೇ ಮರೆಯಲ್ಪಟ್ಟವರನ್ನು ಎಷ್ಟು ನೆನೆದಿದ್ದೇವೆ?

ಆಲೂರಿನ ಕಡೆಯ ಚಿಪ್ಪಗಿರಿಗೂ ಹೋದೆವು. ಹರಿದಾಸಶ್ರೇಷ್ಠರಾದ ವಿಜಯದಾಸರು 1755ರಲ್ಲಿ ದೇಹವಿಟ್ಟ ಊರದು. ಅವರ ಕೀರ್ತನೆಗಳು ನಮ್ಮ ಭಜನಾಮಂದಿರಗಳಲ್ಲಿ ಕೇಳಿಸುತ್ತವೆ. ಊರು ಮಾತ್ರ ಯಾರಿಗೂ ಗೊತ್ತಿಲ್ಲ.

ಮರುಭೂಮಿಯೆನ್ನುವಂತಿಲ್ಲವಾದರೂ ಮಳೆ ತಪ್ಪಿದರೆ ಪಶ್ಚಿಮ ಕರ್ನೂಲಿನ ಸೀಮೆ ಅದಕ್ಕೇನೂ ಕಡಿಮೆಯಲ್ಲ. ಸುಗ್ಗಿ ಕೈಕೊಟ್ಟ ಬಡವರು ಮನೆಗೆ ಬೀಗ ಹಾಕಿ ಗುಂಟೂರಿನ ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಳೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಕನ್ನಡ ಶಾಲೆಯಾಗಲಿ ತೆಲುಗು ಶಾಲೆಯಾಗಲಿ, ಬೆಂಚು ಖಾಲಿ. ನಮ್ಮಲ್ಲಿ ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುವುದು ದೊಡ್ಡ ಸಂಕಟ. ಅಲ್ಲಿ ಪಾಠ ಕೇಳಬೇಕಾದ ಮಗುವೇ ಊರಲ್ಲಿರುವುದಿಲ್ಲ. ಯಾವುದು ಹೆಚ್ಚೆಂದು ತೂಗುವುದು ನಮ್ಮಿಂದಾಗದು.

ನಮ್ಮ ಸೂಚನೆ ಸಣ್ಣದು. ಹೈಸ್ಕೂಲುಗಳ ಹಂಪಿ, ಮಂತ್ರಾಲಯ ಪ್ರವಾಸಕ್ಕೆ ಒಂದು ದಿನ ಸೇರಿಸಿ ಆದವಾನಿಯಲ್ಲಿ ಇಳಿಯಿರಿ. ಓದಿ ಮುಗಿದ ಕನ್ನಡ ಕಥೆಪುಸ್ತಕಗಳ ಒಂದು ಕಟ್ಟನ್ನು ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ. ಅಲ್ಲಿಯ ಕನ್ನಡ ಶಾಲೆಯೊಂದರ ವಿಳಾಸವನ್ನು ಬರೆದು ತರಲಿ. ಕಾಗದ ಬರೆಯುವ ಅಭ್ಯಾಸವೂ ಆದೀತು.