ಬಾಲ ಕುಣಿಸಿದ್ದು ಖುಷಿಗಲ್ಲ

ಉಪ್ಪಳದ ನಮ್ಮ ಮನೆಯ ಸಿಟೌಟಿನಲ್ಲಿ ಒಂದು ಜೋಡಿ ಲವ್ ಬರ್ಡ್ಸ್ ಇದ್ದವು. ಒಂದು ಸಂಜೆ ನೀಲಿ ಹಕ್ಕಿ ಮೈಯೆಲ್ಲ ಉಬ್ಬಿಸಿಕೊಂಡು ಕೂತು, ಉಸಿರಿಗೊಮ್ಮೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. "ಡ್ಯಾನ್ಸ್ ಮಾಡ್ತಾ ಉಂಟು" ಎಂದು ಮಕ್ಕಳು ನಕ್ಕರು. ನಾನು ವೀಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದೆ. ಬೆಳಿಗ್ಗೆ ನೋಡುವಾಗ ಅದು ಗೂಡಿನ ತಳದಲ್ಲಿ ಸತ್ತು ಬಿದ್ದಿತ್ತು. "ಕಣ್ಣು ಬಿದ್ದದ್ದು" ಅಂದರು ಉಮ್ಮ. ಇಲ್ಲ, ಕಣ್ಣಿದ್ದೂ ನಮಗೆ ಕಾಣದೆ ಹೋದದ್ದು. ಅದು ಕುಣಿಯುತ್ತಿರಲಿಲ್ಲ, ಉಸಿರಿಗಾಗಿ ಒದ್ದಾಡುತ್ತಿತ್ತು.

ಹಕ್ಕಿ ಸಾಕುವುದನ್ನು ನಾವು ಹೂದಾನಿ ಇಟ್ಟ ಹಾಗೆ ಮಾಡಿದ್ದೇವೆ. ಹೆಸರೂ ಸರಿಯಾಗಿ ಗೊತ್ತಿಲ್ಲ. ನಾವು ಲವ್ ಬರ್ಡ್ಸ್ ಎಂದು ಕರೆಯುವುದು ಹೆಚ್ಚಿನ ಸಲ ಆಸ್ಟ್ರೇಲಿಯಾ ಮೂಲದ ಬಜ್ಜಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ತೋಟದಲ್ಲಿ ಸಿಗುವ ಹಸಿರು ಗಿಳಿಯ ಮಾತು ಬೇರೆಯೇ. ಅದನ್ನು ಹಿಡಿದು ಗೂಡಿಗೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ವಿಚಿತ್ರ ಎಂದರೆ, ಹೆದರಬೇಡದ್ದಕ್ಕೆ ನಾವು ಹೆದರುತ್ತೇವೆ. ಮಲಗುವ ಮೊದಲು ಬಜ್ಜಿ ಕೊಕ್ಕು ಮಸೆದು ಕರಕರ ಶಬ್ದ ಮಾಡುತ್ತದೆ. ಅದು ನೆಮ್ಮದಿಯ ಗುರುತು. ಒಂದು ಕಾಲು ಮಡಚಿ ನಿದ್ದೆ ಮಾಡುವುದು, ರೆಕ್ಕೆಯನ್ನೂ ಕಾಲನ್ನೂ ಒಟ್ಟಿಗೆ ಚಾಚುವುದು, ಮೈ ಉಬ್ಬಿಸಿ ಒಮ್ಮೆ ಕೊಡವಿ ಸುಮ್ಮನಾಗುವುದು, ಗರಿ ಬದಲಿಸುವ ಕಾಲದಲ್ಲಿ ಅಲ್ಲಲ್ಲಿ ಗರಿ ಉದುರುವುದು ಎಲ್ಲವೂ ಸಹಜ. ತಲೆ ಮೇಲೆ ಕೆಳಗೆ ಆಡಿಸಿ ಜೊತೆಗಾರನ ಬಾಯಿಗೆ ಕಾಳು ಕಕ್ಕಿ ಕೊಡುವುದು ಅದರ ಪ್ರೀತಿ.

ಹೆದರಬೇಕಾದದ್ದಕ್ಕೆ ಮಾತ್ರ ನಗುತ್ತೇವೆ, ಇಲ್ಲವೇ "ಹಠ" ಎನ್ನುತ್ತೇವೆ. ದಿನವಿಡೀ ಉಬ್ಬಿಕೊಂಡು ತೂಕಡಿಸುವುದು, ಕೋಲು ಬಿಟ್ಟು ಗೂಡಿನ ತಳದಲ್ಲಿ ಕೂರುವುದು, ಸುಮ್ಮನೆ ಕೂತಿದ್ದರೂ ಉಸಿರಿಗೆ ಬಾಲ ಆಡುವುದು, ಬಾಯಿ ತೆರೆದು ಉಸಿರಾಡುವುದು. ತಲೆ ಅಡ್ಡಡ್ಡ ಕೊಡವಿ ಕಕ್ಕಿ ಮುಖದ ಗರಿ ಅಂಟಂಟಾದರೆ ಅದು ಪ್ರೀತಿಯಲ್ಲ, ವಾಂತಿ. ಕೊಕ್ಕಿನ ಸುತ್ತ ಸುಣ್ಣದಂತೆ ಪೊರೆ ಕಟ್ಟಿದರೆ ಹೆಚ್ಚಾಗಿ ಅದು ನುಸಿ. ಎದೆಯ ಮೂಳೆ ಚೂಪಾಗಿ ಕೈಗೆ ಸಿಕ್ಕಿದರೆ ಹಕ್ಕಿ ಸೊರಗಿದೆ ಎಂದು ಅರ್ಥ.

ಬೇಟೆಗೆ ಬಲಿಯಾಗುವ ಪ್ರಾಣಿ ತನ್ನ ಕಾಯಿಲೆಯನ್ನು ಅಡಗಿಸುತ್ತದೆ. ನಿತ್ರಾಣ ತೋರಿಸಿದರೆ ಗಿಡುಗನಿಗೆ ಮೊದಲ ತುತ್ತು ಅದೇ. ಆದ್ದರಿಂದ ಬಜ್ಜಿಯ ಕಾಯಿಲೆ ನಮ್ಮ ಕಣ್ಣಿಗೆ ಬೀಳುವಾಗ ಅದು ಶುರುವಾಗಿ ದಿನಗಳೇ ಕಳೆದಿರಬಹುದು. "ನಾಳೆ ನೋಡುವ" ಎನ್ನುವಷ್ಟು ಸಮಯ ಅದಕ್ಕಿಲ್ಲ.

ಕಾಯಿಲೆ ಎಷ್ಟೋ ಸಲ ನಮ್ಮ ಮನೆಯೊಳಗೇ ಹುಟ್ಟುತ್ತದೆ. ಗಲ್ಫಿನಿಂದ ಬಂದ ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಅತಿಯಾಗಿ ಕಾದರೆ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲುದು. ಊದ್, ಬುಖೂರ್, ಸೊಳ್ಳೆ ಬತ್ತಿಯ ಹೊಗೆಯೂ ಅದರ ಶ್ವಾಸಕೋಶಕ್ಕೆ ಕೇಡು. ಬರೀ ನವಣೆ ತಿಂದರೆ ಎ ಜೀವಸತ್ವದ ಕೊರತೆ. ಸೊಪ್ಪು, ಕ್ಯಾರೆಟ್ ಬೇಕು, ಬೆಣ್ಣೆಹಣ್ಣು ಮತ್ತು ಚಾಕೊಲೇಟ್ ವಿಷ. ಅದಕ್ಕೆ ಹತ್ತು ಹನ್ನೆರಡು ಗಂಟೆಯ ಕತ್ತಲೆಯ ನಿದ್ದೆ ಬೇಕು. ರಂಜಾನಿನಲ್ಲಿ ನಮ್ಮ ಹಾಲಿನ ದೀಪ ಅತ್ತಾಳದವರೆಗೂ ಉರಿಯುತ್ತದೆ. ಆ ತಿಂಗಳು ಗೂಡನ್ನು ಒಳಕೋಣೆಗೆ ಒಯ್ದರೆ ಯಾರಿಗೆ ನಷ್ಟ?

"ಮುನ್ನೂರು ರೂಪಾಯಿಯ ಹಕ್ಕಿಗೆ ಐನೂರು ರೂಪಾಯಿಯ ಡಾಕ್ಟರಾ?" ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಹಾಗಾದರೆ ತರಬೇಡಿ. ಬೆಲೆ ಕಟ್ಟಿದ್ದು ಅಂಗಡಿಯವನು, ಜೀವಕ್ಕಲ್ಲ. ಮೆಡಿಕಲ್‌ನಿಂದ ಮನುಷ್ಯರ ಕ್ಯಾಪ್ಸೂಲ್ ತಂದು ನೀರಿಗೆ ಉದುರಿಸುವುದು ಚಿಕಿತ್ಸೆಯಲ್ಲ. ಬಜ್ಜಿಯ ತೂಕ ಮೂವತ್ತು ನಲವತ್ತು ಗ್ರಾಂ. ಯಾವ ಅಳತೆಯಲ್ಲಿ ಕೊಟ್ಟಿರಿ? ನಮ್ಮ ತಲೆನೋವಿಗೂ ತಲಪಾಡಿ ದಾಟಿ ಮಂಗಳೂರಿಗೆ ಓಡುವವರು ನಾವು. ಹಕ್ಕಿಯನ್ನು ಊರಿನ ಮೃಗಾಸ್ಪತ್ರೆಗಾದರೂ ಒಯ್ಯಬಹುದು. ಅಲ್ಲಿ ಆಡು, ದನವೇ ಹೆಚ್ಚು ಬರುವುದು, ನಿಜ. ಆದರೆ ಹಕ್ಕಿ ನೋಡುವವರು ಎಲ್ಲಿದ್ದಾರೆ ಎಂದಾದರೂ ಅಲ್ಲಿ ವಿಚಾರಿಸಬಹುದು. ಅಷ್ಟರವರೆಗೆ ಅದನ್ನು ಬೆಚ್ಚಗೆ, ಗಲಾಟೆ ಇಲ್ಲದ ಕಡೆ ಇಡಿ.

ದಿನಕ್ಕೆ ಐದು ನಿಮಿಷ ಸಾಕು. ಬೆಳಿಗ್ಗೆ ಕಾಗದ ಬದಲಿಸುವಾಗ ಹಿಕ್ಕೆ ನೋಡಿ: ಗಟ್ಟಿ ಹಸಿರು, ನಡುವೆ ಬಿಳಿ, ಸ್ವಲ್ಪ ನೀರು ಇದ್ದರೆ ಸರಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಈ ಕೆಲಸ ಮಕ್ಕಳ ಕೈಗೆ ಕೊಡಿ, ಜೊತೆಯಲ್ಲಿ ನೀವೂ ನಿಲ್ಲಿ. ಅಡಗಿಸಿದ ನೋವನ್ನು ಓದಲು ಕಲಿತ ಮಗು ನಾಳೆ ಮನೆಯ ಹಿರಿಯರ ಮುಖವನ್ನೂ ಓದೀತು.

ಈಗ ನಮ್ಮ ಸಿಟೌಟಿನಲ್ಲಿ ಉಳಿದದ್ದು ಹಸಿರು ಹಕ್ಕಿ ಒಂದೇ. ನಾನು ಅದರ ವೀಡಿಯೊ ತೆಗೆಯುವುದು ನಿಲ್ಲಿಸಿದ್ದೇನೆ. ಕೂತು ನೋಡುತ್ತೇನೆ.