ಇಸಿಜಿ ಸರಿ ಇದ್ದರೆ ಗುಂಡಿಗೆ ಗಟ್ಟಿಯೇ?

2025ರ ಜುಲೈ ಮೊದಲ ವಾರ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಕು ಹರಿಯುವ ಮುಂಚೆಯೇ ಕ್ಯೂ. ಬೆಂಗಳೂರಿನ ಜಯದೇವದಲ್ಲೂ ಅದೇ ನೂಕುನುಗ್ಗಲು. ನಿಂತವರೆಲ್ಲ ರೋಗಿಗಳೇನಲ್ಲ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಲ್ಲಿ ಸತ್ತರು ಎಂಬ ಸುದ್ದಿ ದಿನಕ್ಕೊಂದು ಅಂಕಿ ಏರಿಸಿಕೊಂಡು ಟೀವಿಯಲ್ಲಿ ಓಡುತ್ತಿತ್ತು. ಸತ್ತವರಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದರು. ‘ಯಾವುದಕ್ಕೂ ಒಂದ್ಸಲ ತೋರಿಸ್ಕೊಂಡು ಬಂದುಬಿಡು’ ಅಂತ ಮನೆಯವರ ಒತ್ತಾಯ. ಅಂಗಡಿ ಬಾಗಿಲು ಎಳೆದು, ಮೊದಲ ಬಸ್ಸು ಹತ್ತಿ ಬಂದವರೇ ಹೆಚ್ಚು.

ಬಹಳ ಮಂದಿಗೆ ಇಸಿಜಿ ತೆಗೆದು ‘ನಾರ್ಮಲ್’ ಅಂದರು. ಕಾಗದವನ್ನು ಜೇಬಿಗಿಳಿಸಿ ನಿಟ್ಟುಸಿರು ಬಿಟ್ಟು ಊರಿಗೆ ಮರಳಿದರು. ಆ ಕಾಗದದ ಬಾಳಿಕೆ ಎಷ್ಟು ದಿನ ಅಂತ ಯಾರೂ ಕೇಳಿದಂತಿಲ್ಲ. ಹಾಸನದ ಗಲಾಟೆಯಲ್ಲಿ ಎಲ್ಲರೂ ಮಾತಾಡಿದರು, ಆದರೆ ಈ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಸಮಿತಿ ಎಣಿಸಿದ್ದು

ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲೇ ವರದಿ ಬಂತು. ಮೇ, ಜೂನ್ ತಿಂಗಳ 24 ಸಾವುಗಳನ್ನು ಸಮಿತಿ ನೋಡಿತ್ತು. ಅದರಲ್ಲಿ 4 ಹೃದಯದ ಸಾವೇ ಅಲ್ಲ. ರಸ್ತೆ ಅಪಘಾತವೂ, ಕರೆಂಟ್ ಹೊಡೆದದ್ದೂ ‘ಹೃದಯಾಘಾತ’ದ ಪಟ್ಟಿಗೆ ಸೇರಿಬಿಟ್ಟಿತ್ತು! ಉಳಿದ 20ರಲ್ಲಿ 10 ಖಚಿತ, ಇನ್ನು 10 ‘ಇರಬಹುದು’. ಆಸ್ಪತ್ರೆ ಮುಟ್ಟುವ ಮುಂಚೆ ಸತ್ತವರಿಗೆ ಇಸಿಜಿಯೂ ಇಲ್ಲ, ಮರಣೋತ್ತರ ಪರೀಕ್ಷೆಯೂ ಇಲ್ಲ. ಮತ್ತೆ ಖಚಿತವಾಗಿ ಹೇಳುವವರು ಯಾರು? ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಜಿಲ್ಲೆಯಲ್ಲಿ ಏಕಾಏಕಿ ಏರಿಕೆ ಏನೂ ಕಾಣಲ್ಲ ಅಂತಲೂ ವರದಿ ಹೇಳಿತು.

ಕೇಳಿದವರಿಗೆ ಇದು ಸಮಾಧಾನದ ಮಾತಿನಂತಿತ್ತು. ನಿಜಕ್ಕೂ ಹಾಗಿಲ್ಲ. ಬೇಕಾದರೆ ಅಂಗಡಿಯ ಲೆಕ್ಕದ ಹಾಗೆ ಕೂಡಿ ಕಳೆದು ನೋಡಿ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯಲ್ಲಿ ಸುಮಾರು 17.76 ಲಕ್ಷ ಜನ. ನಮ್ಮ ಸೀಮೆಯಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಆರೇಳು ಸಾವು ಎಂದಿಟ್ಟರೂ ವರ್ಷಕ್ಕೆ 11 ಸಾವಿರದ ಮೇಲಾಯಿತು. ನಲವತ್ತು ದಿನಕ್ಕೆ ಸಾವಿರದಿನ್ನೂರು. ದೇಶದಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲೊಂದು ಸಾವು ಹೃದಯ ಮತ್ತು ರಕ್ತನಾಳದ ಕಾಯಿಲೆಯದು. ಅಂದರೆ ಆ ನಲವತ್ತು ದಿನದಲ್ಲಿ ಮುನ್ನೂರು ಜನವಾದರೂ ಪಾರ್ಶ್ವವಾಯು ಸೇರಿದಂತೆ ಇದೇ ಬಗೆಯ ಕಾಯಿಲೆಗಳಿಂದ ಹೋಗಿರಬೇಕು. ಇದು ಅಂದಾಜು, ಒಪ್ಪಿಕೊಳ್ಳೋಣ. ಆದರೆ ಪೇಪರಿಗೆ ಬಂದದ್ದು ಇಪ್ಪತ್ತು ಚಿಲ್ಲರೆ. ಅದೂ ಸತ್ತವರ ವಯಸ್ಸು ಸಣ್ಣದು ಅಂತ. ಅರವತ್ತು ದಾಟಿದವರು ಎದೆ ಹಿಡಿದುಕೊಂಡು ಹೋದರೆ ‘ವಯಸ್ಸಾಗಿತ್ತು ಬಿಡಿ’ ಅನ್ನುವುದು ಊರಿನ ರೂಢಿ.

ಲಸಿಕೆ ಮೇಲೆ ಗೂಬೆ

ಈ ನಡುವೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣ ಇರಬಹುದು ಅಂದರು. ಮರುದಿನವೇ ಕೇಂದ್ರದವರು ಇಲ್ಲ ಅಂದರು. 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ ಮಾಡಿದ ಅಧ್ಯಯನ 2023ರಲ್ಲೇ ಪ್ರಕಟವಾಗಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಅದರಲ್ಲಿ ಕಂಡಿಲ್ಲ. ಕಂಡದ್ದೇನಪ್ಪಾ ಅಂದ್ರೆ: ಮನೆತನದಲ್ಲಿ ಹಿಂದೆ ಹಠಾತ್ ಸಾವು, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದದ್ದು, ಮೈಮುರಿಯುವಂಥ ಕಸರತ್ತು ಮಾಡಿದ್ದು. ಕೊನೆಗೆ ರಾಜ್ಯದ ತಜ್ಞರ ಸಮಿತಿಯೂ ಲಸಿಕೆಗೆ ಸಂಬಂಧವಿಲ್ಲ ಅಂತಲೇ ಬರೆದುಕೊಟ್ಟಿತು. ರಾಜಕೀಯದವರ ಜಗಳ ಅಲ್ಲಿಗೆ ತಣ್ಣಗಾಯಿತು.

ಪೈಪು ಕಟ್ಟಿದಂತಲ್ಲ

ಜನರ ತಲೆಯಲ್ಲಿರುವ ಚಿತ್ರ ನಲ್ಲಿ ಪೈಪಿನದು. ಕೊಬ್ಬು ಕೂತು ಕೂತು ನಾಳ ಕಿರಿದಾಗುತ್ತೆ, ಕೊನೆಗೊಂದು ದಿನ ಪೂರ್ತಿ ಕಟ್ಟಿಕೊಳ್ಳುತ್ತೆ, ಮುಂಚೆಯೇ ನೋಡಿಸಿದರೆ ಗೊತ್ತಾಗಿಬಿಡುತ್ತೆ ಅಂತ. ಕೆಲವರಿಗೆ ಹಾಗಾಗುವುದುಂಟು. ನಡೆದರೆ ಎದೆ ಹಿಡಿಯುತ್ತೆ, ನಿಂತರೆ ಬಿಡುತ್ತೆ. ಅಂಥವರದು ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತೆ.

ಆದರೆ ಬಹಳಷ್ಟು ಹೃದಯಾಘಾತ ಆಗುವುದು ಅರ್ಧ ಕೂಡ ಮುಚ್ಚದ ಜಾಗದಲ್ಲಿ. ನಾಳದ ಒಳಗೋಡೆಯಲ್ಲಿ ಕೊಬ್ಬಿನ ಗಂಟು ಕೀವು ತುಂಬಿದ ಕುರುವಿನ ಹಾಗೆ ತೆಪ್ಪಗೆ ಕೂತಿರುತ್ತೆ. ರಕ್ತ ಸರಾಗವಾಗಿ ಹರಿಯುತ್ತಿರುತ್ತೆ, ನೋವಿಲ್ಲ, ಏದುಸಿರಿಲ್ಲ. ಒಂದು ದಿನ ಅದರ ಸಿಪ್ಪೆ ಹರಿಯುತ್ತೆ. ಹರಿದ ಜಾಗಕ್ಕೆ ಗಾಯಕ್ಕೆ ಕಟ್ಟುವ ಹಾಗೆ ರಕ್ತ ಹೆಪ್ಪುಗಟ್ಟುತ್ತೆ. ನಿಮಿಷಗಳಲ್ಲಿ ದಾರಿ ಬಂದ್. ಇಸಿಜಿ ಅನ್ನುವುದು ಆ ಗಳಿಗೆಯಲ್ಲಿ ಹೃದಯ ಹೇಗೆ ನಡೆಯುತ್ತಿದೆ ಅಂತ ತೋರಿಸುತ್ತೆ, ನಾಳೆ ಯಾವ ಗಂಟು ಒಡೆಯುತ್ತೆ ಅಂತಲ್ಲ. ಸೋಮವಾರ ತೆಗೆಸಿದ ಇಸಿಜಿ ಚೆನ್ನಾಗಿದ್ದು ಬುಧವಾರ ಹೃದಯಾಘಾತವಾದರೆ ಡಾಕ್ಟರು ಮೋಸ ಮಾಡಿದರು ಅಂತ ಬೈಯುವಂತಿಲ್ಲ. ಹೃದಯದ ನಾಳದ ಕಾಯಿಲೆಯಿಂದ ದಿಢೀರನೆ ಸಾಯುವ ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಮುಂಚೆ ಯಾವ ಲಕ್ಷಣವೂ ಇದ್ದಿರುವುದಿಲ್ಲ. ಇನ್ನು ಹರೆಯದ ಹುಡುಗರ ಸಾವಿನಲ್ಲಿ ಹುಟ್ಟಿನಿಂದ ಬಂದ ಹೃದಯದ ಮಾಂಸದ ದೋಷ, ಬಡಿತದ ಕರೆಂಟಿನ ದೋಷ ಇವೂ ಇರುತ್ತವೆ. ಅದು ಬೇರೆಯದೇ ಜಾತಿ.

ಎಚ್ಚರದಿಂದ ಇದ್ದವರೂ

‘ಹಾಗಾದ್ರೆ ವಾಕಿಂಗೂ ಬೇಡ, ಪಥ್ಯವೂ ಬೇಡ’ ಅನ್ನೋರಿಗೆ ಇಲ್ಲಿ ಸಂತೋಷಪಡುವಂಥದ್ದೇನೂ ಇಲ್ಲ. 2004ರಲ್ಲಿ 52 ದೇಶಗಳ ದೊಡ್ಡ ಅಧ್ಯಯನವೊಂದು ಬಂತು. ನಡೆಸಿದ ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾಕ್ಟರಿಕೆ ಓದಿದವರು. ಬೀಡಿ ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ ಇತ್ಯಾದಿ ಒಂಬತ್ತು ಸಂಗತಿಗಳಲ್ಲೇ ಮೊದಲ ಹೃದಯಾಘಾತದ ನೂರಕ್ಕೆ ತೊಂಬತ್ತು ಪಾಲು ಅಪಾಯ ಅಡಗಿದೆ ಅಂತ ಅದು ತೋರಿಸಿತು. ನಮ್ಮ ಕಡೆಯವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆ ಬರುತ್ತೆ ಎಂದದ್ದೂ ಅದೇ. ಸಿಗರೇಟು ಬಿಟ್ಟ ವರ್ಷಕ್ಕೆ ಅದರಿಂದ ಬಂದ ಅಪಾಯ ಅರ್ಧಕ್ಕಿಳಿಯುತ್ತೆ. ಅಷ್ಟು ಅಗ್ಗದ ಔಷಧಿ ಇನ್ನೊಂದಿಲ್ಲ.

ತೊಡಕು ಇರುವುದು ಬೇರೆ ಕಡೆ. ಈ ಲೆಕ್ಕ ಊರಿಗೆ ಹೊಂದುತ್ತೆ, ಒಬ್ಬ ಮನುಷ್ಯನಿಗೆ ಹೊಂದಲ್ಲ. ಇಂಗ್ಲೆಂಡಿನ ಜೆಫ್ರಿ ರೋಸ್ ಎಂಬ ವೈದ್ಯ 1981ರಲ್ಲೇ ಇದನ್ನು ಎತ್ತಿ ಹೇಳಿದ್ದ. ನಮ್ಮ ರೀತಿಯಲ್ಲಿ ಹೇಳುವುದಾದರೆ, ಪೇಟೆಯಲ್ಲಿ ಸಾವಿರ ಅಂಗಡಿಯವರು ಇದ್ದಾರೆ ಅಂತಿಟ್ಟುಕೊಳ್ಳಿ. ನೂರು ಜನಕ್ಕೆ ಬಿ.ಪಿ., ಸಕ್ಕರೆ, ಸಿಗರೇಟು ಮೂರೂ ಇದೆ. ಅವರಲ್ಲಿ ನೂರಕ್ಕೆ ಹತ್ತು ಜನಕ್ಕೆ ಹೃದಯಾಘಾತ ಆದರೆ ಹತ್ತು ಮಂದಿ. ಉಳಿದ ಒಂಬೈನೂರು ಜನರಲ್ಲಿ ಅಪಾಯ ಕಮ್ಮಿ, ನೂರಕ್ಕೆ ಎರಡೇ. ಆದರೂ ಹದಿನೆಂಟು ಮಂದಿ ಆಯಿತಲ್ಲ! ‘ಅವನಿಗೇನೂ ಇರಲಿಲ್ಲವಲ್ಲಾ’ ಅಂತ ಸಾವಿನ ಮನೆಯಲ್ಲಿ ಕೇಳಿಬರುವ ಮಾತಿನ ಹಿಂದಿನ ಗುಟ್ಟು ಇದು. ಕೊಲೆಸ್ಟರಾಲ್ ಇಳಿಸುವ ಮಾತ್ರೆಯೂ ಅಷ್ಟೇ. ಕೆಟ್ಟ ಕೊಬ್ಬು ಸಾಕಷ್ಟು ಇಳಿದರೂ ಐದು ಅವಘಡದಲ್ಲಿ ಒಂದನ್ನು ತಪ್ಪಿಸೀತು. ಒಂದು ತಪ್ಪುವುದು ಸಣ್ಣದಲ್ಲ, ಆದರೆ ನಾಲ್ಕು ಉಳಿದವು.

ಅಮೆರಿಕದಲ್ಲಿ ಜಿಮ್ ಫಿಕ್ಸ್ ಎಂಬ ಮಹಾಶಯ ಇದ್ದ. ಓಡಿದರೆ ಆರೋಗ್ಯ ಅಂತ 1977ರಲ್ಲಿ ಪುಸ್ತಕ ಬರೆದು ದೇಶಕ್ಕೆ ದೇಶವನ್ನೇ ಓಡಲು ಹಚ್ಚಿದವನು. 1984ರ ಜುಲೈಯಲ್ಲಿ ಓಡುತ್ತಿದ್ದಾಗಲೇ ಬಿದ್ದು ಸತ್ತ. ವಯಸ್ಸು 52. ‘ನೋಡ್ರಪ್ಪಾ ಓಡಿದವನ ಗತಿ’ ಅಂತ ಜನ ನಕ್ಕರು. ಅವನಪ್ಪ ಹೃದಯಾಘಾತದಲ್ಲಿ ಹೋದಾಗ 43 ಎಂಬುದನ್ನು ನಗುವವರು ಗಮನಿಸಲಿಲ್ಲ. ಮೂವತ್ತೈದರವರೆಗೆ ಫಿಕ್ಸ್ ಕೂಡ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದ. ಬಹುಶಃ ಓಟವೇ ಅವನಿಗೆ ಅಪ್ಪನಿಗಿಂತ ಒಂಬತ್ತು ವರ್ಷ ಕೊಟ್ಟಿತು. ಅದಕ್ಕಿಂತ ಹೆಚ್ಚು ಕೊಡಲಿಕ್ಕೆ ಅದರ ಕೈಲಾಗಲಿಲ್ಲ.

ಕನ್ನಡಿಗರಿಗೆ ಅಷ್ಟು ದೂರ ಹೋಗಬೇಕಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46. ಕಸರತ್ತು ತಪ್ಪಿಸದ ಮೈಕಟ್ಟು. ಆಗಲೂ ಜಯದೇವದ ಮುಂದೆ ಇದೇ ಕ್ಯೂ ಇತ್ತು. ಸ್ವಲ್ಪ ದಿನಕ್ಕೆ ಕರಗಿತು.

ಸ್ಟೇರಿಂಗ್ ಹಿಡಿದವರು

ಹಾಸನದ ವರದಿಯಲ್ಲಿ ಕಣ್ಣಿಗೆ ಹೊಡೆಯುವ ಇನ್ನೊಂದು ಅಂಶ ಇದೆ. ಸತ್ತವರಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿ ಆಟೋ, ಟ್ಯಾಕ್ಸಿ ಓಡಿಸುತ್ತಿದ್ದವರು. ಹಗಲೂ ರಾತ್ರಿ ಸೀಟಿಗಂಟಿ ಕೂರೋದು, ಹೊಗೆ, ಹಾರನ್ನು, ನಿದ್ದೆಗೇಡು, ಸಿಕ್ಕಿದಲ್ಲಿ ಊಟ, ತಿಂಗಳಾದರೆ ಗಾಡಿ ಸಾಲದ ಕಂತು. ಅಂಥವನಿಗೆ ‘ದಿನಾ ಮುಕ್ಕಾಲು ಗಂಟೆ ನಡೀರಿ, ಟೆನ್ಷನ್ ಮಾಡ್ಕೋಬೇಡಿ’ ಅಂದರೆ ಅವನು ನಗದೆ ಇನ್ನೇನು ಮಾಡಿಯಾನು? ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ, ಗಲ್ಲಾ ಬಿಟ್ಟು ಏಳದ ದಿನಸಿ ಅಂಗಡಿಯವನ ಪಾಡೂ ಬೇರೆಯಲ್ಲ. ಬಿ.ಪಿ. ಮಾತ್ರೆಯನ್ನು ಒಂದು ತಿಂಗಳು ನುಂಗಿ ‘ಈಗ ಸರಿಹೋಯ್ತು’ ಅಂತ ಬಿಡುವವರಲ್ಲಿ ಇವರೇ ಮುಂದು. ಮುಂಜಾಗ್ರತೆಗೆ ವೈದ್ಯಶಾಸ್ತ್ರದ ಮಿತಿ ಒಂದಿದ್ದರೆ, ಹೊಟ್ಟೆಪಾಡಿನ ಮಿತಿ ಇನ್ನೊಂದು. ಎರಡನೆಯದಕ್ಕೆ ಭಾಷಣದಲ್ಲಿ ಜಾಗ ಸಿಗುವುದು ಕಮ್ಮಿ.

‘ಗ್ಯಾಸ್ ಇರ್ಬೇಕು ಬಿಡು’

ತಡೆಯಲು ಆಗದ್ದು ಇಷ್ಟು ಇರುವಾಗ, ಆದ ಮೇಲೆ ಉಳಿಸಿಕೊಳ್ಳುವುದರ ಮೇಲೆ ಕಣ್ಣಿಡಬೇಕಲ್ಲವೇ? ಅಲ್ಲಿ ಅಡ್ಡ ಬರುವುದು ಗ್ಯಾಸ್ ಎಂಬ ಎರಡಕ್ಷರ. ಎದೆ ಭಾರ ಅಂದರೆ ಗ್ಯಾಸು, ಹೊಟ್ಟೆ ಮೇಲ್ಭಾಗ ಹಿಡಿದರೆ ಗ್ಯಾಸು, ಬೆವರು ಕಿತ್ತುಕೊಂಡು ಬಂದರೂ ಗ್ಯಾಸೇ. ಸೋಡಾ ಕುಡಿ, ಓಮದ ನೀರು ಕುಡಿ, ಸ್ವಲ್ಪ ಮಲಕ್ಕೋ. ಎರಡು ಗಂಟೆ ಹೋಯಿತು. ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ಕಾರಣವಿಲ್ಲದ ತಣ್ಣನೆ ಬೆವರು, ಉಸಿರು ಕಟ್ಟುವುದು ಇವು ಗ್ಯಾಸಿನ ಗುಣ ಎಂದುಕೊಂಡು ಕೂರುವಂಥವಲ್ಲ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಬಂದು ಹೃದಯಾಘಾತ ಆಗುವುದುಂಟು. ನೋವು ಶುರುವಾದ ಹೊಸತರಲ್ಲಿ ತೆಗೆದ ಇಸಿಜಿ ಸರಿಯಾಗೇ ಕಾಣಬಹುದು. ನೋವು ಹಾಗೇ ಇದ್ದರೆ ಮತ್ತೊಮ್ಮೆ ತೆಗೆಯಬೇಕು, ರಕ್ತ ಪರೀಕ್ಷೆ ಮಾಡಬೇಕು. ‘ಒಂದ್ಸಲ ನೋಡಿದ್ರಲ್ಲ’ ಅಂತ ಎದ್ದು ಬರುವುದು ದಡ್ಡತನ.

ಪುನೀತ್ ಹೆಸರಿನಲ್ಲೇ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೃದಯಾಘಾತವೆಂದು ಗೊತ್ತಾದರೆ, ಸೂಕ್ತ ಅಂತ ಕಂಡವರಿಗೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನು ಅಲ್ಲೇ ಪುಕ್ಕಟೆ. ಹೊರಗೆ ಅದಕ್ಕೆ ಮೂವತ್ತು ನಲವತ್ತು ಸಾವಿರ. ಮೊದಲ ಮೂರು ಗಂಟೆಯೊಳಗೆ ಬಿದ್ದರೆ ಅದರ ಗುಣವೇ ಬೇರೆ. ಒಳ್ಳೆ ಯೋಜನೆ, ಅನುಮಾನವಿಲ್ಲ. ಆದರೆ ಎದೆನೋವಿನವನನ್ನು ಹತ್ತಿರದ ತಾಲ್ಲೂಕು ಆಸ್ಪತ್ರೆ ದಾಟಿಸಿ ‘ನೇರ ಮೈಸೂರಿಗೇ ಹೊಡೀರಿ’ ಅನ್ನುವ ನೆಂಟರಿಷ್ಟರು ಇನ್ನೂ ಇದ್ದಾರೆ. ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಸಕಲೇಶಪುರದ ಕಡೆಯವರಿಗೆ ಅದರ ಮೇಲೆ ಇನ್ನೂ ನಲವತ್ತು.

ಹೃದಯಾಘಾತ ಬೇರೆ, ಹೃದಯ ನಿಂತೇ ಹೋಗುವುದು ಬೇರೆ. ಎರಡನೆಯದರಲ್ಲಿ ಮನುಷ್ಯ ಕುಸಿಯುತ್ತಾನೆ, ಕರೆದರೆ ಓಗೊಡಲ್ಲ, ಉಸಿರಿಲ್ಲ. ಆಗ ಎಣಿಸಬೇಕಾದ್ದು ನಿಮಿಷ. ಶಾಕ್ ಕೊಡುವುದು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತೆ. 108ಕ್ಕೆ ಒಬ್ಬ ಫೋನ್ ಮಾಡುತ್ತಿರುವಾಗ ಇನ್ನೊಬ್ಬ ಎದೆಯ ನಟ್ಟನಡುವೆ ಎರಡೂ ಅಂಗೈ ಇಟ್ಟು ಜೋರಾಗಿ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಾ ಇರಬೇಕು. ನಮ್ಮಲ್ಲಿ ಆ ಹೊತ್ತಿಗೆ ಆಗುವುದೇನು? ಮುಖಕ್ಕೆ ನೀರು, ಸುತ್ತ ಗುಂಪು, ಮೊಬೈಲಿನಲ್ಲಿ ವಿಡಿಯೋ.

2024ರ ನವೆಂಬರ್‌ನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಓಡುತ್ತಿದ್ದ ಬಿಎಂಟಿಸಿ ಬಸ್ಸಿನ ಡ್ರೈವರ್ ಸ್ಟೇರಿಂಗ್ ಮೇಲೇ ಕುಸಿದರು. ಕಂಡಕ್ಟರ್ ಹಾರಿ ಬಂದು ಬಸ್ ನಿಲ್ಲಿಸಿ ಪ್ರಯಾಣಿಕರನ್ನು ಉಳಿಸಿದರು. ನಲವತ್ತರ ಡ್ರೈವರ್ ಉಳಿಯಲಿಲ್ಲ. ಆ ದೃಶ್ಯ ನೋಡಿ ಕಂಡಕ್ಟರಿಗೆ ಶಹಭಾಸ್ ಅಂದವರು ಲಕ್ಷಾಂತರ. ಬಸ್ಸಿನಲ್ಲಿ, ನಿಲ್ದಾಣದಲ್ಲಿ ಎದೆ ಒತ್ತಲು ಬಲ್ಲವರು ಎಷ್ಟು ಜನ ಇರಬೇಕು ಅಂತ ಕೇಳಿದವರು ಬೆರಳೆಣಿಕೆ.

ಹಾಸನದ ವರದಿ ಬಂದ ಮೇಲೆ ಸರ್ಕಾರ ಮಾತು ಕೊಟ್ಟಿದೆ: ಜನ ಸೇರುವ ಕಡೆ ಶಾಕ್ ಕೊಡುವ ಯಂತ್ರ ಇಡುವುದು, ಆಸ್ಪತ್ರೆ ಹೊರಗಿನ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಮಾಡಿ ಲೆಕ್ಕ ಇಡುವುದು, ಶಾಲೆ ಮಕ್ಕಳಿಗೆ ತಪಾಸಣೆ. ಯಾವ ಯಾವ ಬಸ್ ನಿಲ್ದಾಣಕ್ಕೆ ಯಂತ್ರ ಬಂದಿದೆ, ಬಂದಿದ್ದರೆ ಅದರ ಬೀಗದಕೈ ಯಾರ ಹತ್ತಿರ, ರಾತ್ರಿ ಹನ್ನೊಂದಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ಇಸಿಜಿ ತೆಗೆಯುವವರು ಇರುತ್ತಾರಾ, ಇಂಜೆಕ್ಷನ್ ಫ್ರಿಜ್ಜಿನಲ್ಲಿ ಇದೆಯಾ? ಜಯದೇವದ ಕ್ಯೂನಲ್ಲಿ ನಿಲ್ಲಲು ಒಂದು ದಿನದ ವ್ಯಾಪಾರ ಬಿಡುವವರು ತಮ್ಮೂರಿನ ಆಸ್ಪತ್ರೆಗೆ ಒಂದು ಸಂಜೆ ಹೋಗಿ ಇಷ್ಟನ್ನು ವಿಚಾರಿಸಿಕೊಂಡು ಬರಬಹುದು. ಬಸ್ ಚಾರ್ಜೂ ಬೇಕಾಗಲ್ಲ.